ಎಡಗೈಯ ಎರಡು ಬೆರಳು

ಮೊನ್ನೆ ವೀಣೆಯ ಗವುಸನ್ನು ಒಗೆಯಲು ಹಾಕೋಣವೆಂದು ಅದರ ಪಕ್ಕದ ಜೇಬಿಗೆ ಕೈ ಹಾಕಿದರೆ ಉಗುರು ಉಜ್ಜುವ ಪಟ್ಟಿಯೊಂದು ಸಿಕ್ಕಿತು. ಐಸ್‌ಕ್ರೀಂ ಕಡ್ಡಿಗೆ ಮರಳುಕಾಗದ ಅಂಟಿಸಿದ ಹಾಗಿರುತ್ತದಲ್ಲ, ಅದು. ಗುಲಾಬಿ ಬಣ್ಣವೆಲ್ಲ ಮಾಸಿ ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಬಿಸಾಡಲು ಕಸದ ಬುಟ್ಟಿಯವರೆಗೆ ಹೋದವಳು ಬಿಸಾಡದೆ ವಾಪಸು ಬಂದೆ. ಹಳೆಯ ಸಾಮಾನಿನ ವಿಷಯದಲ್ಲಿ ನನ್ನ ಬುದ್ಧಿಯೇ ಹಾಗೆ, ಮನೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಆದರೆ ಈ ಪಟ್ಟಿಯ ಕತೆ ಬೇರೆ. ಜೀವಮಾನದಲ್ಲಿ ಒಂದೇ ಒಂದು ಸಲ ನಾನು ಬ್ಯೂಟಿ ಪಾರ್ಲರಿನ ಮೆಟ್ಟಿಲು ಹತ್ತಿ, ಕೈಗಳಿಗೆ ಮ್ಯಾನಿಕ್ಯೂರ್ ಮಾಡಿಸಿಕೊಂಡದ್ದಕ್ಕೆ ಉಳಿದಿರುವ ಸಾಕ್ಷಿ ಇದೊಂದೇ. ಅದರ ಹಿಂದೆಯೇ ಬಂದ ಮೂರು ದಿನಗಳನ್ನು ನಾನು ಈಗಲೂ ಮರೆತಿಲ್ಲ.

ಮೊದಲು ನನ್ನ ಉಗುರುಗಳ ಪರಿಚಯ ಮಾಡಿಕೊಡಬೇಕು. ನಾನು ಹುಟ್ಟಾ ಉಗುರು ಕಚ್ಚುವವಳು. ಮೈಸೂರಿನ ನಮ್ಮ ಮನೆಯಲ್ಲಿ ಉಗುರು ಕತ್ತರಿಸುವುದಕ್ಕೆ ಅಜ್ಜಿಯ ಕಾನೂನುಗಳಿದ್ದವು. ಮಂಗಳವಾರ ಕೂಡದು, ಶುಕ್ರವಾರ ಕೂಡದು, ಶನಿವಾರವಂತೂ ಕೂಡಲೇಕೂಡದು. ದೀಪ ಹಚ್ಚಿದ ಮೇಲೆ ಯಾವ ವಾರವೂ ಇಲ್ಲ. ಒಳಗೆ ಕತ್ತರಿಸಬಾರದು, ಹೊಸ್ತಿಲ ಮೇಲೆ ಕೂರಬಾರದು, ತುಂಡುಗಳು ಯಾರ ಕಾಲಿಗೂ ಸಿಗಬಾರದು. ಇಷ್ಟು ಕಟ್ಟಳೆಗಳ ನಡುವೆ ಹಲ್ಲಿನಿಂದ ಕಚ್ಚುವುದೇ ಸುಲಭವೆಂದು ನನಗೆ ಮೂರನೆಯ ವಯಸ್ಸಿನಲ್ಲೇ ಹೊಳೆದಿರಬೇಕು. ಅದಕ್ಕೆ ವಾರ, ತಿಥಿ ಯಾವುದೂ ಇಲ್ಲ. ಅಜ್ಜಿ ಬೆರಳ ತುದಿಗೆ ಬೇವಿನೆಣ್ಣೆ ಸವರಿ ನೋಡಿದರು. ಒಂದು ವಾರದಲ್ಲಿ ನನಗೆ ಬೇವಿನೆಣ್ಣೆಯ ರುಚಿ ಹತ್ತಿತು. ಹುಟ್ಟುಗುಣ ಸುಟ್ಟರೂ ಹೋಗದು ಎಂದು ಕೈಚೆಲ್ಲಿದರು.

ಅಜ್ಜಿಯಿಂದ ಆಗದ್ದನ್ನು ಅರ್ಧಂಬರ್ಧ ಮಾಡಿದವರು ಜಾನಕಮ್ಮನವರು, ನಮ್ಮ ವೀಣೆ ಟೀಚರ್. ಹನ್ನೊಂದನೆಯ ವಯಸ್ಸಿನಲ್ಲಿ ಅಮ್ಮ ನನ್ನನ್ನು ಅವರ ಮುಂದೆ ಕೂರಿಸಿ, ಬಾಳೆಹಣ್ಣು ವೀಳ್ಯದೆಲೆ ಇಟ್ಟು ನಮಸ್ಕಾರ ಮಾಡಿಸಿದಳು. ಟೀಚರ್ ನನ್ನ ಮುಖ ನೋಡಲಿಲ್ಲ. ಬಲಗೈ ಎಳೆದುಕೊಂಡು ಉಗುರು ನೋಡಿದರು.

"ಇವಳನ್ನ ಇಲಿ ಏನಾದ್ರೂ ಕಚ್ತಾ?" ಎಂದು ಅಮ್ಮನನ್ನು ಕೇಳಿದರು. ಆಮೇಲೆ ನನ್ನತ್ತ ತಿರುಗಿ, "ಈ ಎರಡು ಬೆರಳಿಗೆ ಉಗುರು ಬರೋವರೆಗೂ ವೀಣೆ ಮುಟ್ಟಕೂಡದು. ಬಂದು ಮೂಲೇಲಿ ಕೂತ್ಕೊಂಡು ಕೇಳು," ಎಂದರು.

ಅವರದು ಬರಿಯ ಉಗುರಿನಿಂದ ತಂತಿ ಮೀಟುವ ಪದ್ಧತಿ. ಬೆರಳಿಗೆ ಲೋಹದ ನಖಿ ತೊಡಿಸಿಕೊಂಡು ಮೀಟುವವರನ್ನು ಅವರು ಕಬ್ಬಿಣದ ಕೈಯವರು ಎನ್ನುತ್ತಿದ್ದರು. ಮೂರು ತಿಂಗಳು ಮೂಲೆಯಲ್ಲಿ ಕೂತೆ. ಬಲಗೈಯ ತೋರುಬೆರಳು, ನಡುಬೆರಳು ಎರಡನ್ನು ಮಾತ್ರ ಬಾಯಿಂದ ಕಾಪಾಡಿಕೊಂಡೆ. ಉಳಿದ ಎಂಟರ ಮೇಲೆ ಇವುಗಳ ಸೇಡನ್ನೂ ಸೇರಿಸಿ ತೀರಿಸಿಕೊಂಡೆ. ಅಂದಿನಿಂದ ಇಂದಿನವರೆಗೆ ನನ್ನ ಕೈಗಳು ಹಾಗೆಯೇ ಇವೆ. ಎರಡು ಉಗುರು ಉದ್ದ, ಎಂಟು ಮೊಂಡು. ಬಸ್ಸಿನಲ್ಲಿ ಕಂಬಿ ಹಿಡಿದರೆ ಪಕ್ಕದವರು ಒಮ್ಮೆ ಕೈ ನೋಡಿ, ಒಮ್ಮೆ ಮುಖ ನೋಡಿ, ಸ್ವಲ್ಪ ಆಚೆ ಸರಿದು ನಿಲ್ಲುತ್ತಾರೆ.

ಬಲಗೈಯದು ಉಗುರಿನ ಕತೆಯಾದರೆ ಎಡಗೈಯದು ಚರ್ಮದ ಕತೆ. ವೀಣೆಯ ಮೆಟ್ಟಿಲುಗಳ ಮೇಲೆ ತಂತಿಯನ್ನು ಒತ್ತಿ ಎಳೆಯುವುದು ಎಡಗೈಯ ಎರಡು ಬೆರಳು. ಮೊದಮೊದಲು ತಂತಿ ಚರ್ಮವನ್ನು ಕೊಯ್ಯುತ್ತದೆ, ಬೊಬ್ಬೆ ಬರುತ್ತದೆ, ಒಡೆಯುತ್ತದೆ. ತಿಂಗಳುಗಟ್ಟಲೆ ಸಾಧನೆ ಮಾಡಿದ ಮೇಲೆ ಬೆರಳ ತುದಿ ಜಡ್ಡುಗಟ್ಟಿ, ನಡುವೆ ತಂತಿ ಕೂರುವಷ್ಟು ಸಣ್ಣ ಗೆರೆ ಮೂಡುತ್ತದೆ. ನಮ್ಮ ಟೀಚರಿಗೆ ಆ ಜಡ್ಡೇ ಹಾಜರಿ ಪುಸ್ತಕ. ಪಾಠಕ್ಕೆ ಬಂದ ಹುಡುಗಿಯರು ಜ್ವರ ಬಂತು, ಪರೀಕ್ಷೆ ಇತ್ತು, ಕರೆಂಟ್ ಹೋಗಿತ್ತು ಎಂದು ರಾಗ ಎಳೆದರೆ ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. "ಬೆರಳು ಕೊಡು," ಎನ್ನುತ್ತಿದ್ದರು. ಹೆಬ್ಬೆರಳಿನಿಂದ ನಮ್ಮ ಬೆರಳ ತುದಿಯನ್ನು ಒಂದು ಸಲ ಒತ್ತಿದರೆ ಸಾಕು, ವಾರದಲ್ಲಿ ಎಷ್ಟು ದಿನ ಕೂತಿದ್ದೇವೆ ಎಂದು ಅವರಿಗೆ ಗೊತ್ತಾಗುತ್ತಿತ್ತು. "ನಾಲಿಗೆ ಸುಳ್ಳು ಹೇಳುತ್ತೆ, ಬೆರಳು ಹೇಳಲ್ಲ," ಎನ್ನುವುದು ಅವರ ಮಾತು. ಹದಿಮೂರು ವರ್ಷ ನಾನು ಆ ಪರೀಕ್ಷೆಗೆ ಬೆರಳು ಕೊಟ್ಟವಳು.

ಮದುವೆಯಾಗಿ ಮದ್ರಾಸಿಗೆ ಬಂದೆ. ಬಂದ ಸ್ವಲ್ಪ ದಿನಕ್ಕೆ ಅದು ಚೆನ್ನೈ ಆಯಿತು. ನನ್ನವರಿಗೆ ಪಲ್ಲಾವರಂ ಕಡೆ ಒಂದು ಕಾರ್ಖಾನೆಯಲ್ಲಿ ಎಂಜಿನಿಯರ್ ಕೆಲಸ, ಮನೆಯೂ ಅಲ್ಲೇ. ತಲೆಯ ಮೇಲೆ ಹದಿನೈದು ನಿಮಿಷಕ್ಕೊಂದು ವಿಮಾನ. ಶ್ರುತಿ ಮಾಡಿ ಮುಗಿಸುವಷ್ಟರಲ್ಲಿ ಒಂದು ವಿಮಾನ ಹೋಗಿ ಕಿವಿಯೊಳಗಿನ ಷಡ್ಜವನ್ನು ಹೊತ್ತುಕೊಂಡು ಹೋಗುತ್ತಿತ್ತು. ಇದು ನೆಪ, ನನಗೂ ಗೊತ್ತು. ಮಗಳು ಅನು ಹುಟ್ಟಿದ ಮೇಲೆ ವೀಣೆಗೆ ಹಳೆಯ ಸೀರೆ ಸುತ್ತಿ ಅಟ್ಟಕ್ಕೆ ಏರಿಸಿದೆ. ಏಳು ವರ್ಷ ಅದು ಅಲ್ಲೇ ಇತ್ತು.

ಒಂದು ಫೆಬ್ರವರಿಯಲ್ಲಿ ಟೀಚರಿಂದ ಇನ್‌ಲ್ಯಾಂಡ್ ಪತ್ರ ಬಂತು. ಕ್ಷೇಮ ಸಮಾಚಾರ ಎರಡು ಸಾಲು. ಆಮೇಲೆ ಒಂದೇ ಪ್ರಶ್ನೆ: "ನುಡಿಸುತ್ತಿದ್ದೀಯಾ?" ನಾನು ಅದೇ ಮಧ್ಯಾಹ್ನ ಉತ್ತರ ಬರೆದು ಡಬ್ಬಕ್ಕೆ ಹಾಕಿದೆ: "ದಿನಾ ನುಡಿಸುತ್ತಿದ್ದೇನೆ, ಟೀಚರ್." ಬರೆಯುವಾಗ ಸಲೀಸಾಗಿತ್ತು. ಇನ್ನು ಅದನ್ನು ವಾಪಸು ತೆಗೆದುಕೊಳ್ಳಲಾಗದೆಂದು ಹೊಳೆದದ್ದು ಡಬ್ಬದೊಳಗೆ ಪತ್ರ ಬಿದ್ದ ಸದ್ದು ಕೇಳಿದ ಮೇಲೆಯೇ. ಮನೆಗೆ ಬಂದವಳೇ ಏಣಿ ಹಾಕಿ ವೀಣೆ ಇಳಿಸಿದೆ. ಆಡಿದ ಸುಳ್ಳನ್ನು ನಿಜ ಮಾಡಬೇಕಿತ್ತಲ್ಲ!

ಆ ವರ್ಷ ಚೆನ್ನೈನಲ್ಲಿ ನೀರಿಗೆ ಎಂಥ ಹಾಹಾಕಾರವೆಂದು ಅಲ್ಲಿದ್ದವರಿಗೆ ನೆನಪಿರುತ್ತದೆ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಬೀದಿಯ ಕೈಪಂಪಿಗೆ ಪ್ಲಾಸ್ಟಿಕ್ ಕೊಡಗಳ ಸಾಲು. ಹನ್ನೆರಡು ಕೊಡ ಹೊತ್ತು ತಂದು, ಐದಕ್ಕೆ ವೀಣೆಯ ಮುಂದೆ ಕೂರುತ್ತಿದ್ದೆ. ಉಪ್ಪು ನೀರಿಗೆ ಬಲಗೈಯ ಆ ಎರಡು ಉಗುರುಗಳು ಈರುಳ್ಳಿಯಂತೆ ಪದರ ಪದರವಾಗಿ ಬಿಡುತ್ತಿದ್ದವು. ಎಡಗೈಯ ಬೆರಳುಗಳು ಒಡೆದವು, ಮಾಗಿದವು, ಮತ್ತೆ ಒಡೆದವು. ಆರನೆಯ ತಿಂಗಳಿಗೆ ಜಡ್ಡು ಕಟ್ಟಿತು. ಒಂಬತ್ತನೆಯ ತಿಂಗಳಿಗೆ ಗೆರೆ ಮೂಡಿತು. ಸಾರು ಕುದಿಯಲು ಇಟ್ಟು ಒಲೆಯ ಮುಂದೆ ನಿಂತಾಗ ನಾನೇ ನನ್ನ ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡಿಕೊಳ್ಳುತ್ತಿದ್ದೆ. ಹೊಸದಾಗಿ ಬಳೆ ತೊಟ್ಟವಳೂ ಕೈಯನ್ನು ಅಷ್ಟು ಸಲ ನೋಡಿಕೊಂಡಿರಲಾರಳು.

ಡಿಸೆಂಬರಿನ ಕಛೇರಿ ಕಾಲದಲ್ಲಿ ಟಿ. ನಗರದ ಒಂದು ಪುಟ್ಟ ಸಂಗೀತ ಸಭೆಯಲ್ಲಿ ನನಗೆ ಭಾನುವಾರ ಮಧ್ಯಾಹ್ನ ಎರಡು ಗಂಟೆಗೆ ಒಂದು ಗಂಟೆಯ ಅವಕಾಶ ಸಿಕ್ಕಿತು. ಎರಡು ಗಂಟೆಯೆಂದರೆ, ಕ್ಯಾಂಟೀನಿನಲ್ಲಿ ಊಟ ಮುಗಿಸಿದ ರಸಿಕರು ಫ್ಯಾನಿನ ಕೆಳಗೆ ತೂಕಡಿಸಲು ಬರುವ ಹೊತ್ತು. ಆದರೇನು, ವೇದಿಕೆ ವೇದಿಕೆಯೇ. ಟೀಚರಿಗೆ ಬರೆದೆ. "ಬರ್ತೀನಿ. ಶುಕ್ರವಾರ ರಾತ್ರಿ ರೈಲು, ಶನಿವಾರ ಬೆಳಿಗ್ಗೆ ಅಲ್ಲಿರ್ತೀನಿ," ಎಂದು ಕಾರ್ಡು ಬಂತು. ಎಪ್ಪತ್ತು ದಾಟಿದವರು, ಮೈಸೂರು ಬಿಟ್ಟು ಹೊರಡುವವರೇ ಅಲ್ಲ. ನನಗೆ ಖುಷಿಗಿಂತ ಮೊದಲು ಎಡಗೈಯ ನೆನಪಾಯಿತು. ಪುಣ್ಯಕ್ಕೆ ಜಡ್ಡು ಕಟ್ಟಿದೆ, ಇನ್ನು ಬ್ರಹ್ಮ ಬಂದು ಒತ್ತಿ ನೋಡಿದರೂ ಹೆದರಿಕೆ ಇಲ್ಲ ಎಂದುಕೊಂಡೆ.

ಅಷ್ಟರಲ್ಲಿ ಬಲಗೈಯ ನಡುಬೆರಳ ಉಗುರು ಪಕ್ಕದಲ್ಲಿ ಸೀಳು ಬಿಟ್ಟಿತು. ಕೂದಲೆಳೆಯಷ್ಟು ಸೀಳು. ವೇದಿಕೆಯ ಮೇಲೆ ಅದು ಪಟ್ಟೆಂದರೆ ಏನು ಗತಿ? ಮೂರನೆಯ ಕ್ಲಾಸಿನ ಅನು, ಕನ್ನಡದಲ್ಲಿ ಬೈದರೂ ತಮಿಳಿನಲ್ಲೇ ಉತ್ತರ ಕೊಡುವವಳು, ನನ್ನ ಎರಡೂ ಕೈ ಹಿಡಿದು ನೋಡಿ ಮುಖ ಕಿವುಚಿದಳು. "ಅಯ್ಯೋ ಅಮ್ಮಾ, ಎಲ್ಲಾರುಂ ಉನ್ ಕೈಯದಾನ್ ಪಾಪ್ಪಾಂಗ!" ಎಲ್ಲರೂ ನೋಡುವುದು ನಿನ್ನ ಕೈಯನ್ನೇ ಅಂತ. ಮಾತು ನಿಜವೇ. ಹಾಡುವವರ ಬಾಯಿ ನೋಡುತ್ತಾರೆ, ವೀಣೆಯವರ ಕೈ ನೋಡುತ್ತಾರೆ. ಕಚ್ಚಿ ತಿಂದ ಎಂಟು, ಸೀಳಿದ ಒಂದು.

"ಪಾರ್ಲರಿಗೆ ಹೋಗಿ ಸರಿ ಮಾಡಿಸ್ಕೊಂಡು ಬಾ," ಎಂದರು ನನ್ನವರು ಪೇಪರಿನಿಂದ ತಲೆ ಎತ್ತದೆ.

ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಂಡರಂತೆ ಎಂಬ ಗಾದೆ ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಯಾವ ದಿನ ಹೋಗುವುದು? ಶನಿವಾರ ಟೀಚರ್ ಬರುತ್ತಾರೆ, ಮೇಲಾಗಿ ಶನಿವಾರ. ಶುಕ್ರವಾರ ಅಜ್ಜಿ ಸತ್ತು ಸ್ವರ್ಗದಲ್ಲಿದ್ದರೂ ಒಪ್ಪುವುದಿಲ್ಲ. ಹೀಗಾಗಿ ಗುರುವಾರ ಬೆಳಿಗ್ಗೆ ಲೋಕಲ್ ರೈಲು ಹತ್ತಿ ಮಾಂಬಲಂನಲ್ಲಿಳಿದು, ಟಿ. ನಗರದಲ್ಲಿ ರೇಷ್ಮೆ ಸೀರೆ ಅಂಗಡಿಯೊಂದರ ಮೇಲಿನ ಮಹಡಿಗೆ ಹೋದೆ.

ಒಳಗೆ ಎ.ಸಿ. ತಣ್ಣಗಿತ್ತು. ಸುತ್ತ ಕನ್ನಡಿಗಳು. ನಾನು ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತೆ. ನನ್ನ ಕೈಗೆ ಬಂದವಳು ಸ್ಟೆಲ್ಲಾ ಎಂಬ ಇಪ್ಪತ್ತೈದು ಇಪ್ಪತ್ತಾರರ ಹೆಣ್ಣುಮಗಳು, ರಾಯಪುರಂನವಳು. ಸೆರಗು ಬಿಡಿಸಿ ಕೈ ನೋಡಿದವಳೇ, "ಎನ್ನ ಅಕ್ಕಾ ಇದು? ರೆಂಡು ಮಟ್ಟುಂ ನೀಳಂ?" ಎಂದಳು. ಎರಡು ಮಾತ್ರ ಯಾಕೆ ಉದ್ದ ಎಂಬುದು ಅವಳ ಪ್ರಶ್ನೆ. ಎಲ್ಲವನ್ನೂ ಒಂದೇ ಅಳತೆಗೆ ತರುತ್ತೇನೆಂದು ಕತ್ತರಿಯನ್ನೂ ಎತ್ತಿಕೊಂಡಳು.

ನಾನು ಕಿರುಚಿಯೇ ಬಿಟ್ಟೆ. ಪಕ್ಕದ ಕುರ್ಚಿಯಲ್ಲಿ ಮುಖಕ್ಕೆ ಲೇಪ ಹಚ್ಚಿಸಿಕೊಂಡಿದ್ದ ಹೆಂಗಸು ಬೆಚ್ಚಿ ಕಣ್ಣು ಬಿಟ್ಟಳು. ನನ್ನ ಹರುಕು ತಮಿಳಿನಲ್ಲಿ, ಗಾಳಿಯಲ್ಲಿ ವೀಣೆ ನುಡಿಸಿ ತೋರಿಸಿ, ಈ ಎರಡು ಉಗುರನ್ನು ಮಾತ್ರ ಕತ್ತರಿಸಕೂಡದು, ಸೀಳಿದ ಕಡೆ ಉಜ್ಜಿ ನಯ ಮಾಡಿದರೆ ಸಾಕು ಎಂದು ವಿವರಿಸಿದೆ. ಸ್ಟೆಲ್ಲಾಗೆ ಅರ್ಥವಾಯಿತು. ಕತ್ತರಿ ಕೆಳಗಿಟ್ಟು ಗುಲಾಬಿ ಪಟ್ಟಿ ತೆಗೆದುಕೊಂಡಳು. ಮುಂದಿನ ಅರ್ಧ ಗಂಟೆ ನಾನು ಆ ಪಟ್ಟಿಯ ಮೇಲಿಂದ ಕಣ್ಣು ಕೀಳಲಿಲ್ಲ. ಒಂದು ಸಲ ಉಜ್ಜಿದರೆ ಒಂದು ಸಲ ಉಸಿರು. ಎಡಗೈ ಆ ಕಡೆ ಬಿಸಿ ಸೋಪುನೀರಿನ ಬಟ್ಟಲಲ್ಲಿ ಮುಳುಗಿಕೊಂಡೇ ಇತ್ತು. ಅದರ ಪಾಡಿಗೆ ಅದು.

ಬಲಗೈ ಮುಗಿಯಿತು. ಸೀಳು ಹೋಗಿ ಉಗುರು ಕನ್ನಡಿಯಂತಾಗಿತ್ತು. ನನಗೆ ಹೋದ ಜೀವ ಬಂತು. ಎಡಗೈಗೆ ಉಗುರಿನ ಚಿಂತೆ ಇಲ್ಲವಲ್ಲ, ಇನ್ನೇನು ಬೇಕಾದರೂ ಮಾಡಿಕೊಳ್ಳಲಿ ಎಂದು ಕೈಯನ್ನು ಅವಳ ಮಡಿಲಿಗೆ ಒಪ್ಪಿಸಿ ಹಿಂದಕ್ಕೆ ಒರಗಿದೆ. ನಾಲ್ಕು ಗಂಟೆಗೆ ಎದ್ದ ಕಣ್ಣು, ತಣ್ಣನೆಯ ಗಾಳಿ. ಬುದ್ಧಿ ಬಂದಾಗಿನಿಂದ ನನ್ನ ಕೈಯನ್ನು ಇನ್ನೊಬ್ಬರು ಅಷ್ಟು ಹೊತ್ತು ಹಿಡಿದುಕೊಂಡದ್ದೇ ಇಲ್ಲ. ಹೇಳಲು ನಾಚಿಕೆಯಾಗುತ್ತದೆ, ಅಲ್ಲೇ ನಿದ್ದೆ ಹೋದೆ.

"ಇಪ್ಪೊ ಪಾರುಂಗ ಅಕ್ಕಾ," ಈಗ ನೋಡಿ ಎಂದು ಸ್ಟೆಲ್ಲಾ ಎಬ್ಬಿಸಿದಳು. ನನ್ನ ಎಡಗೈಯನ್ನೆತ್ತಿ ನನ್ನದೇ ಕೆನ್ನೆಗೆ ಒತ್ತಿದಳು. ಬೆಣ್ಣೆ. ಮಗುವಿನ ಕೈ. ಒಂದು ಕ್ಷಣ ಅದು ಯಾರ ಕೈ ಎಂದೇ ತಿಳಿಯಲಿಲ್ಲ. ಕೆಳಗೆ ಟವೆಲಿನ ಮೇಲೆ ಅಕ್ಕಿಯ ತೌಡಿನಂಥ ಪುಡಿ ಬಿದ್ದಿತ್ತು. ಪಕ್ಕದಲ್ಲಿ ಸಣ್ಣ ಬ್ಲೇಡು, ಉಜ್ಜುವ ಕಲ್ಲು.

ಅರ್ಧ ಗಂಟೆ ಬಿಸಿ ನೀರಿನಲ್ಲಿ ನೆಂದು ಮೆತ್ತಗಾದ ನನ್ನ ಹತ್ತು ತಿಂಗಳ ಜಡ್ಡನ್ನು ಆ ಹುಡುಗಿ ಪದರ ಪದರವಾಗಿ ಹೆರೆದು ತೆಗೆದಿದ್ದಳು. ಜಡ್ಡಿಗೆ ಸ್ಪರ್ಶವೆಲ್ಲಿ? ನನಗೆ ಎಚ್ಚರವೇ ಆಗಿರಲಿಲ್ಲ.

"ಎಂಗಮ್ಮಾ ಕೈಯುಂ ಇಪ್ಪಡಿದಾನ್ ಇರುಕ್ಕುಂ ಅಕ್ಕಾ," ಎಂದಳು ಸ್ಟೆಲ್ಲಾ ಮೆಲ್ಲಗೆ. ಅವಳ ಅಮ್ಮನ ಕೈಯೂ ಹೀಗೇ ಇರುತ್ತದಂತೆ. ಬಂದರಿನ ಹತ್ತಿರ ಸಿಗಡಿ ಸುಲಿಯುವ ಕೆಲಸ ಅವರದು. ಇವಳು ಪ್ರತಿ ಭಾನುವಾರ ಅಮ್ಮನ ಕೈ ನೆನೆಸಿ ಇದೇ ರೀತಿ ಉಜ್ಜಿ ಕೊಡುತ್ತಾಳಂತೆ. ನನ್ನ ಬೆರಳು ಮುಟ್ಟಿದಾಗ ಪಾಪ ಅನ್ನಿಸಿತಂತೆ, ಮನೆಯಲ್ಲಿ ಎಷ್ಟು ಕಷ್ಟದ ಕೆಲಸವೋ ಅಂತ. ಅದಕ್ಕೇ ಇಪ್ಪತ್ತು ನಿಮಿಷ ಜಾಸ್ತಿ ತೆಗೆದುಕೊಂಡು ಮಾಡಿದ್ದಳು. ಅವಳ ಮುಖದಲ್ಲಿ ಅಷ್ಟೊಂದು ಸಂತೋಷವಿತ್ತು. ಏನು ಹೇಳಲಿ ಹೇಳಿ! "ರೊಂಬ ಥ್ಯಾಂಕ್ಸ್ ಮಾ," ಎಂದೆ. ಆ ಗುಲಾಬಿ ಪಟ್ಟಿಯನ್ನು ಅವಳೇ ನನ್ನ ಕೈಯಲ್ಲಿಟ್ಟು, ಮನೆಯಲ್ಲಿ ಉಗುರಿಗೆ ಉಪಯೋಗಿಸಿ ಅಂದಳು. ಮೆಟ್ಟಿಲಿಳಿದು ಬಂದು ಸೀರೆ ಅಂಗಡಿಯ ಮುಂದೆ ಜನರ ನೂಕುನುಗ್ಗಲಿನ ನಡುವೆ ಇಂಗು ತಿಂದ ಮಂಗನಂತೆ ನಿಂತೆ.

ಮನೆಗೆ ಬಂದು ವೀಣೆ ಮುಟ್ಟಿದರೆ ತಂತಿ ಬೆಂಕಿ. ಹನ್ನೊಂದು ವರ್ಷದ ಹುಡುಗಿಯ ಮೊದಲ ದಿನದ ನೋವು. ಪಟಿಕದ ನೀರಿನಲ್ಲಿ ಅದ್ದಿದೆ. ಗಟ್ಟಿ ಟೀ ಡಿಕಾಕ್ಷನ್ನಿನಲ್ಲಿ ಅದ್ದಿದೆ. ನನ್ನವರು ಅಂಟು ಹಚ್ಚಿಕೊಂಡರೆ ಗಟ್ಟಿಯಾಗಬಹುದೇನೋ ಎಂದು ಎಂಜಿನಿಯರ್ ಬುದ್ಧಿ ಹೇಳಿದರು. ಅವರನ್ನು ನಾನು ನೋಡಿದ ನೋಟಕ್ಕೆ ಪೇಪರ್ ಎತ್ತಿಕೊಂಡು ಹೊರಗೆ ಹೋದರು. ಶುಕ್ರವಾರ ಇಡೀ ದಿನ ಎರಡೆರಡು ನಿಮಿಷ ನುಡಿಸುವುದು, ಕೈ ಒದರುವುದು. ಆದರೆ ಕಛೇರಿಗಿಂತ ಹೆಚ್ಚಾಗಿ ನನ್ನನ್ನು ಕೊರೆಯುತ್ತಿದ್ದದ್ದು ಶನಿವಾರ. ನೋವನ್ನು ಹಲ್ಲು ಕಚ್ಚಿ ತಡೆದುಕೊಳ್ಳಬಹುದು. ಟೀಚರ್ "ಬೆರಳು ಕೊಡು" ಅಂದರೆ? ದಿನಾ ನುಡಿಸುತ್ತಿದ್ದೇನೆ ಎಂದು ಬರೆದ ಪತ್ರ ಅವರ ಹತ್ತಿರವಿದೆ. ಆ ಪತ್ರ ಬರೆದ ದಿನ ಬೆರಳು ಒತ್ತಿ ನೋಡಿದ್ದರೆ ಸುಳ್ಳು ಸಿಕ್ಕಿಬೀಳುತ್ತಿತ್ತು, ಅದು ನ್ಯಾಯ. ಈಗ ಹತ್ತು ತಿಂಗಳು ರಕ್ತ ಸುರಿಸಿ ಅದನ್ನು ನಿಜ ಮಾಡಿದ ಮೇಲೆ ಸುಳ್ಳುಗಾತಿ ಅನ್ನಿಸಿಕೊಳ್ಳಬೇಕೆ? ಪಾರ್ಲರಿಗೆ ಹೋಗಿದ್ದೆ ಎಂದು ಹೇಳಿಬಿಡಬಹುದಿತ್ತು ಅನ್ನುತ್ತೀರಿ. ಹದಿಮೂರು ವರ್ಷ ಅವರು ಕೇಳಿದ ಸಾವಿರ ನೆಪಗಳ ಸಾಲಿನಲ್ಲಿ ಇದು ಎಲ್ಲಕ್ಕಿಂತ ದರಿದ್ರ ನೆಪ.

ಶನಿವಾರ ಟೀಚರ್ ಬಂದರು. ಮೊದಲಿಗಿಂತ ಸಣ್ಣಗಾಗಿದ್ದರು. ಚೀಲವನ್ನು ನನ್ನವರ ಕೈಗೆ ಕೊಟ್ಟು, ಎಡಗೈಯನ್ನು ಸೆರಗಿನೊಳಗೆ ಇಟ್ಟುಕೊಂಡೇ ಒಳಗೆ ಬಂದರು. ರೈಲಿನ ಗಾಳಿಗೆ ಚಳಿಯಾಗಿರಬೇಕೆಂದುಕೊಂಡೆ. ನನಗೆ ನನ್ನ ಎಡಗೈಯದೇ ಧ್ಯಾನ. ಕಳ್ಳನ ಮನಸ್ಸು ಹುಳ್ಳಹುಳ್ಳಗೆ. ಕಾಫಿ ಕೊಡುವಾಗ ಬಲಗೈ, ನಮಸ್ಕಾರ ಮಾಡುವಾಗ ಬೆರಳುಗಳನ್ನು ಮಡಚಿಕೊಂಡು. ಹತ್ತು ಗಂಟೆಯವರೆಗೆ ಹಿಟ್ಟು ಕಲಸಿದೆ, ಬೇಕಾಗಿತ್ತೋ ಇಲ್ಲವೋ. ಕೈಗೆ ಹಿಟ್ಟು ಮೆತ್ತಿಕೊಂಡಿದ್ದರೆ ಯಾರೂ ಕೈ ಕೇಳುವುದಿಲ್ಲವಲ್ಲ.

"ಎಷ್ಟು ಜನಕ್ಕೇ ಚಪಾತಿ? ಸೈನ್ಯ ಬರುತ್ತಾ?" ಎಂದರು ಟೀಚರ್. "ಕೈ ತೊಳ್ಕೊಂಡು ಬಾ ಇಲ್ಲಿ. ಬೆರಳು ಕೊಡು."

ಕೈ ತೊಳೆದುಕೊಂಡು ಹೋಗಿ ಎದುರಿಗೆ ಕೂತೆ. ಅವರು ಬಲಗೈಯ ಹೆಬ್ಬೆರಳನ್ನು ನನ್ನ ತೋರುಬೆರಳ ತುದಿಗೆ ಒತ್ತಿದರು. ಒಮ್ಮೆ. ನಿಲ್ಲಿಸಿದರು. ಮತ್ತೆ ಒತ್ತಿದರು. ನಡುಬೆರಳು. ಮುಖದಲ್ಲಿ ಏನೂ ಬದಲಾಗಲಿಲ್ಲ. ಕೈ ಬಿಟ್ಟರು.

"ಹೂಂ," ಎಂದರು. "ಪಲ್ಯ ಏನು ಮಾಡ್ತೀಯಾ?"

ಬೈದಿದ್ದರೆ ಚೆನ್ನಾಗಿತ್ತು. ಅವರು ಬೈಯುವುದು ಶಿಷ್ಯರನ್ನು. ಬಿಟ್ಟವರನ್ನು ಪಲ್ಯದ ಬಗ್ಗೆ ಕೇಳುತ್ತಾರೆ. ಬೀನ್ಸ್ ಎಂದೆ. ಅಡುಗೆ ಮನೆಗೆ ಹೋಗಿ ಸಾಸಿವೆ ಡಬ್ಬಿ ಹುಡುಕುತ್ತಾ ಕಣ್ಣೀರು ಒರೆಸಿಕೊಂಡೆ. ಇಡೀ ದಿನ ಅವರು ಸಂಗೀತದ ಒಂದು ಮಾತೂ ಎತ್ತಲಿಲ್ಲ. ಅನುವಿನ ಜೊತೆ ಪಗಡೆ ಆಡಿದರು.

ಭಾನುವಾರ ಎರಡು ಗಂಟೆ. ಸಭಾಂಗಣದಲ್ಲಿ ಮೂವತ್ತು ಜನ, ಹತ್ತು ಗೊರಕೆ. ಟೀಚರ್ ಎರಡನೆಯ ಸಾಲಿನ ಕೊನೆಯಲ್ಲಿ. ಆರಂಭದ ವರ್ಣ ನುಡಿಸಿ ಮುಗಿಯುವಷ್ಟರಲ್ಲಿ ಬೆರಳು ಚುರುಗುಟ್ಟುತ್ತಿತ್ತು. ಮುಖ್ಯ ರಾಗಕ್ಕೆ ನಾನು ಸಿದ್ಧ ಮಾಡಿಕೊಂಡಿದ್ದದ್ದು ತೋಡಿ. ತೋಡಿಯೆಂದರೆ ತಂತಿಯನ್ನು ಸುಮ್ಮನೆ ಒತ್ತಿದರೆ ಸಾಲದು, ಎಳೆಯಬೇಕು, ಒಂದೊಂದು ಸ್ವರವನ್ನೂ ಜಗ್ಗಿ ತೂಗಬೇಕು. ಬೆರಳು ಹಸಿ ಇದ್ದವರು ಹೋಗಬಾರದ ಬೀದಿ ಅದು. ಬದಲಿಗೆ ಮೋಹನವನ್ನು ನುಡಿಸಬಹುದಿತ್ತು. ಮೇಲೆ ಮೇಲೆ ಓಡಿಸಿಕೊಂಡು, ಮುದ್ದಾಗಿ, ನೋವಿಲ್ಲದೆ. ಮೃದಂಗದವರಿಗೆ ಕಣ್ಸನ್ನೆ ಮಾಡಿದರೆ ಮುಗಿಯಿತು. ಟೀಚರ್ ಕಡೆ ನೋಡಿದೆ. ಅವರು ನನ್ನ ಕೈಯನ್ನು ನೋಡುತ್ತಿರಲಿಲ್ಲ. ಬಾಗಿಲ ಕಡೆ ನೋಡುತ್ತಿದ್ದರು.

ನನಗೆ ಸಿಟ್ಟು ಬಂತು. ಯಾರ ಮೇಲೆಂದು ಕೇಳಬೇಡಿ. ತೋಡಿಯನ್ನೇ ಎತ್ತಿಕೊಂಡೆ.

ಗಾಂಧಾರವನ್ನು ಮೂರನೆಯ ಸಲ ಎಳೆದಾಗ ಚರ್ಮ ಬಿರಿಯಿತು. ತಂತಿ ಮೊದಲು ಒದ್ದೆಯಾಯಿತು, ಆಮೇಲೆ ಜಾರತೊಡಗಿತು. ಎಣ್ಣೆಯ ಬಟ್ಟೆಯಿಂದ ಒರೆಸುವ ನೆಪದಲ್ಲಿ ರಕ್ತ ಒರೆಸಿಕೊಂಡೆ. ಒಂದೊಂದು ಮೆಟ್ಟಿಲಿಗೆ ಹೋಗುವ ಮೊದಲೂ ಅಲ್ಲಿ ಎಷ್ಟು ಉರಿಯುತ್ತದೆಂದು ಗೊತ್ತಿತ್ತು, ಹೋದೆ. ಹತ್ತು ತಿಂಗಳು ಬೆಳಗಿನ ಜಾವ, ಕೊಡಗಳ ಸಾಲಿನಿಂದ ಎದ್ದು ಬಂದು ನುಡಿಸಿದ್ದೆಲ್ಲ ಚರ್ಮ ಹೋದರೂ ಕೈಯೊಳಗೆ ಇತ್ತು. ಅದು ನನಗೂ ಆಗಲೇ ಗೊತ್ತಾದದ್ದು. ನಲವತ್ತು ನಿಮಿಷ ಆದ ಮೇಲೆ ತಲೆಯೆತ್ತಿದರೆ ಟೀಚರ್ ಕಣ್ಣು ಮುಚ್ಚಿಕೊಂಡಿದ್ದರು. ಉಳಿದ ಹತ್ತು ಜನರ ಹಾಗೆ ನಿದ್ದೆಯೋ ಏನೋ, ಹೇಳಲು ಬರುವಂತಿರಲಿಲ್ಲ.

ವೇದಿಕೆಯ ಹಿಂದೆ ಒಂದು ಸಣ್ಣ ಕೋಣೆ. ಟೀಚರ್ ಬಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಕೈ ಚಾಚಿದರು. ಈ ಸಲ ಬೆರಳು ಕೊಡು ಎನ್ನಲಿಲ್ಲ. ಕೊಟ್ಟೆ. ಬಿರಿದ ಬೆರಳನ್ನು ಬೆಳಕಿಗೆ ತಿರುಗಿಸಿ ಬಹಳ ಹೊತ್ತು ನೋಡಿದರು.

"ಇದು ಹೊಸಬರ ಬೆರಳು ಕಣೇ," ಎಂದರು. "ಆದರೆ ಹೊಸಬರು ತೋಡಿ ಹೀಗೆ ನುಡಿಸಲ್ಲ. ಏನು ಮಾಡ್ಕೊಂಡೆ? ನಿಜ ಹೇಳು."

ಹೇಳಿದೆ. ಸೀಳಿದ ಉಗುರು, ಗುರುವಾರ, ಸ್ಟೆಲ್ಲಾ, ಬಿಸಿನೀರು, ನಿದ್ದೆ. ಅವರು ನಗುತ್ತಾರೋ ಬೈಯುತ್ತಾರೋ ಎಂದು ಮುಖ ನೋಡುತ್ತಲೇ ಹೇಳಿದೆ. ಪತ್ರದಲ್ಲಿ ಬರೆದ ಸುಳ್ಳನ್ನೂ ಹೇಳಿದೆ, ಇನ್ನು ಉಳಿಸಿಕೊಂಡು ಏನು ಮಾಡಲಿ.

"ಅದು ಗೊತ್ತಿತ್ತು ಬಿಡು. ನುಡಿಸ್ತಾ ಇರೋರು ಅದೇ ದಿನ ಉತ್ತರ ಬರೆಯಲ್ಲ," ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ, ಸೆರಗಿನೊಳಗಿಂದ ಎಡಗೈ ತೆಗೆದು ನನ್ನ ಅಂಗೈಯಲ್ಲಿ ಇಟ್ಟರು. "ಈಗ ನನ್ನದು ನೋಡು. ಯಾವ ಪಾರ್ಲರಿಗೂ ಹೋಗಿಲ್ಲ."

ಅರವತ್ತು ವರ್ಷ ತಂತಿ ಒತ್ತಿದ ಬೆರಳುಗಳು. ಮೆತ್ತಗಿದ್ದವು. ಗೆರೆ ಇರಬೇಕಾದ ಕಡೆ ಏನೂ ಇರಲಿಲ್ಲ. ನನ್ನ ಅಂಗೈಯಲ್ಲಿ ಆ ಕೈ ತನ್ನಷ್ಟಕ್ಕೆ ನಡುಗುತ್ತಿತ್ತು, ಅವರು ಎಷ್ಟು ಬಿಗಿ ಹಿಡಿದರೂ.

"ಹತ್ತು ತಿಂಗಳಾಯ್ತು. ಮೆಟ್ಟಿಲ ಮೇಲೆ ನಿಲ್ಲಲ್ಲ ಅದು. ಯಾರಿಗೂ ಹೇಳಿಲ್ಲ," ಎಂದರು. "ಬಿಟ್ಟ ವಾರವೇ ನಿನಗೆ ಕಾಗದ ಬರ್ದೆ. ಉಗುರು ಇಟ್ಕೊಂಡು ಕಲಿತೋರಲ್ಲಿ ಇನ್ಯಾರು ಉಳಿದಿದಾರೆ? ನಿನ್ನೆ ನಿನ್ನ ಬೆರಳು ಒತ್ತಿದಾಗ, ಮುಗೀತು, ಎಲ್ಲಾ ಮುಗೀತು ಅಂದ್ಕೊಂಡೆ ಕಣೇ. ರಾತ್ರಿಯೆಲ್ಲ ನಿದ್ದೆ ಇಲ್ಲ."

ಎರಡು ದಿನ ಒಂದೇ ಮನೆಯಲ್ಲಿ ಇಬ್ಬರೂ ಎಡಗೈ ಬಚ್ಚಿಟ್ಟುಕೊಂಡು ಓಡಾಡಿದ್ದೆವು. ನಾನು ನನ್ನ ಮಾನದ ಚಿಂತೆಯಲ್ಲಿ ಅವರ ಮುಖವನ್ನು ಸರಿಯಾಗಿ ನೋಡಿಯೂ ಇರಲಿಲ್ಲ. ಏನಾದರೂ ಹೇಳಬೇಕಲ್ಲ ಎಂದು, "ಕಾಫಿ ತರಲಾ ಟೀಚರ್?" ಎಂದೆ.

"ತಾ. ಸಕ್ಕರೆ ಕಮ್ಮಿ."

ಕ್ಯಾಂಟೀನಿನಲ್ಲಿ ಸಾಲು ಉದ್ದವಿತ್ತು. ಸಾಲಿನಲ್ಲಿ ನಿಂತು, ಯಾರು ನೋಡಿದರೂ ಸರಿ ಎಂದು ಅತ್ತೆ. ಎರಡು ಲೋಟ ಕಾಫಿ ತಂದು ಒಂದನ್ನು ಅವರ ಮುಂದೆ ಹಿಡಿದೆ. ಅವರು ಬಲಗೈ ಚಾಚಿದರು. ಅದೂ ನಡುಗುತ್ತಿತ್ತು, ಸ್ವಲ್ಪ ಕಡಿಮೆ. ಕಾಫಿ ತುಳುಕಿತು. ನನ್ನ ಲೋಟವನ್ನು ಕೆಳಗಿಟ್ಟು, ಅವರ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ತುಟಿಯ ಹತ್ತಿರ ತಂದೆ.

"ಕೈ ಸುಡುತ್ತೆ ಕಣೇ, ಹಸಿ ಬೆರಳು," ಎಂದರು.

ಸುಡುತ್ತಿತ್ತು. "ನೀವು ಕುಡೀರಿ ಟೀಚರ್," ಎಂದೆ. ಅವರು ನಿಧಾನವಾಗಿ, ಊದಿ ಊದಿ, ಪೂರ್ತಿ ಕುಡಿದರು.